ನೂರು ಅಡಿ ಹಗ್ಗ, ಒಂಬತ್ತು ಕೌದಿ

ನಾನು ಪುಂಡಿ ನಾರಿನ ಹಗ್ಗ. ನೀರಲ್ಲಿ ಕೊಳೆಸಿ, ಬಡಿದು, ತೊಡೆಯ ಮೇಲೆ ಹೊಸೆದು ನನ್ನನ್ನು ಹುಟ್ಟಿಸಿದರು. ಆ ಹುರಿ ಇನ್ನೂ ನನ್ನೊಳಗೆ ತಿರುಗುತ್ತಲೇ ಇದೆ. ಸುಮ್ಮನೆ ಬಿದ್ದಿರಲು ನನಗೆ ಬಾರದು. ತುದಿಗೆ ತುದಿ ಗಂಟಿಕ್ಕಿದರೆ ಸುತ್ತು ಸರಿಯಾಗಿ ನೂರು ಅಡಿ.

ಮೊದಲು ಕುರುಬರ ಮಾಳಪ್ಪಜ್ಜನ ಕೈ ಸೇರಿದೆ. ಹೊಲದಲ್ಲಿ ಗೂಟ ನೆಟ್ಟು, ನನ್ನನ್ನು ಸುತ್ತ ಬಿಗಿದು ಕುರಿ ಕೂಡಿಹಾಕುತ್ತಿದ್ದ. ಗುಂಡಗೆ ಕಟ್ಟಿದ ದಿನ ಕುರಿಗಳು ಆರಾಮಾಗಿ ಮಲಗುತ್ತಿದ್ದವು. ಒಮ್ಮೆ ಕಾಲುವೆ ದಂಡೆಯ ಇಕ್ಕಟ್ಟಿನಲ್ಲಿ ಉದ್ದಕ್ಕೆ ಎಳೆದು ಕಟ್ಟಿದ. ಅದೇ ನಾನು, ಅವೇ ಕುರಿ. ಮರಿಗಳು ಮಾತ್ರ ತಾಯಂದಿರ ಕಾಲಡಿ ಒದ್ದಾಡಿದವು.

"ಹಗ್ಗ ಅಷ್ಟೇ ಐತಿ, ಜಾಗ ಎಲ್ಲಿ ಹೋತಲೇ?" ಎಂದು ಅಜ್ಜ ನನ್ನನ್ನೇ ಬೈದ.

ಅವನು ಕುರಿ ಮಾರಿದ ಮೇಲೆ ಪುರಸಭೆಯ ಜವಾನ ನನ್ನನ್ನು ಸಂತೆಯಲ್ಲಿ ಕೊಂಡ. ಕೆರೆ ದಂಡೆಯ ಓಣಿ ಕೆಡವಿ ರಸ್ತೆ ಮಾಡಬೇಕಿತ್ತು. "ಇದ್ದಷ್ಟೇ ಅಳತೆಯ ಜಾಗ ಕೊಡ್ತೀವಿ" ಎಂದಿದ್ದರು. ಸರ್ವೇ ಸಾಹೇಬ ಒಂದೊಂದು ಮನೆಗೂ ನನ್ನನ್ನು ಸುತ್ತಿದ. ಇಪ್ಪತ್ತೈದು ಅಡಿ ಉದ್ದ, ಇಪ್ಪತ್ತೈದು ಅಡಿ ಅಗಲ, ಸುತ್ತಳತೆ ನೂರು. ಊರಾಚೆ ಒಂದೊಂದು ಮನೆಗೆ ಕೊಡುವ ಹೊಸ ಜಾಗಕ್ಕೂ ಗೂಟ ನೆಟ್ಟು ನನ್ನನ್ನೇ ಸುತ್ತಿದ. ನಲವತ್ತು ಉದ್ದ, ಹತ್ತು ಅಗಲ. ಅದೂ ನೂರು. ಓಣಿಯವರನ್ನೆಲ್ಲ ಅಲ್ಲಿಗೇ ಕರೆಸಿದ.

"ಹಗ್ಗ ನೋಡ್ರಿ, ಒಂದು ಗೇಣು ಕಡಿಮಿ ಇಲ್ಲ. ಹೆಬ್ಬಟ್ಟು ಒತ್ರಿ."

ಒತ್ತಿದರೆ ಸಂಜೆಗೇ ಮನೆಗಳು ನೆಲಕ್ಕೆ. ನನ್ನ ಒಂದೆಳೆಯೂ ಸುಳ್ಳಲ್ಲ. ಆದರೂ ನನ್ನ ಬಾಯಲ್ಲೇ ಸುಳ್ಳು ಆಡಿಸುತ್ತಿದ್ದರು. ಮೈಯೆಲ್ಲ ಉರಿಯಿತು.

ಸಾಲಿನಲ್ಲಿ ಮೊದಲು ನಿಂತವಳು ಹಳೆ ಅರಿವೆಯ ತುಂಡು ಕೂಡಿಸಿ ಕೌದಿ ಹೊಲಿಯುವ ಫಕೀರವ್ವ. ಅವಳು ಶಾಯಿ ಮುಟ್ಟಲಿಲ್ಲ. ಹೆಗಲ ಮೇಲಿದ್ದ ಐದಡಿ ಚೌಕದ ಕೌದಿಯನ್ನು ನನ್ನೊಳಗೆ ಹಾಸಿದಳು. ಎತ್ತಿ ಪಕ್ಕಕ್ಕೆ ಹಾಸಿದಳು, ಮತ್ತೆ ಎತ್ತಿದಳು. ಹದಿನಾರಕ್ಕೆ ಜಾಗ ಮುಗಿಯಿತು.

"ನನ್ನ ಮನ್ಯಾಗ ಇಪ್ಪತ್ತೈದು ಹಿಡಿತಾವ್ರಿ. ಒಂಬತ್ತು ಕೌದಿ ಜಾಗ ಯಾರು ನುಂಗಿದ್ರು?"

"ಏನಬೇ, ಸುತ್ತಳತಿ ಸರಿ ಐತಲ್ಲ!"

"ಕೌದಿ ಚೌಕ ಇರ್ಲಿ, ಉದ್ದ ಇರ್ಲಿ, ಅಂಚಿನ ಪಟ್ಟಿ ಎರಡಕ್ಕೂ ಅಷ್ಟೇ ಹತ್ತತೈತ್ರಿ. ಒಳಗಿನ ಅರಿವಿ? ನಾವೇನು ಅಂಚಿನ ಮ್ಯಾಲ ಮಲ್ಕೋತೀವೇನು?"

ನೆರೆಮನೆಯ ಮೌಲಾಬಿ ಹಿಂದಿನಿಂದ ಕೂಗಿದಳು: "ಇಲ್ಲಿ ನಾ ಕಾಲು ಚಾಚಿದ್ರ ನಿನ್ನ ಒಲೀಗೆ ಬಡಿತಾವ, ಫಕೀರವ್ವಕ್ಕ!"

ಸಾಹೇಬ ಗದರಿದ. ಫಕೀರವ್ವ ಗೂಟ ಕಿತ್ತಳು. ಒಂದು ಕಡೆ ಅವಳು, ಇನ್ನೊಂದು ಕಡೆ ಮೌಲಾಬಿ ಹಿಡಿದು, ನನ್ನ ಎರಡೂ ಮಗ್ಗುಲು ಕೂಡುವ ತನಕ ಜಗ್ಗಿದರು. ಐವತ್ತು ಅಡಿ ಉದ್ದ; ಒಳಗೆ ಇರುವೆಗೂ ಜಾಗವಿಲ್ಲ.

"ಇದೂ ನೂರು ಅಡೀನ, ಸಾಹೇಬ್ರ. ಬರ್ರಿ, ಮಲ್ಕೊಂಡು ತೋರಸ್ರಿ."

ಓಣಿಗೆ ಓಣಿಯೇ ನಕ್ಕಿತು. ಆ ದಿನ ಯಾರೂ ಹೆಬ್ಬಟ್ಟು ಒತ್ತಲಿಲ್ಲ. ಜವಾನ ನನ್ನನ್ನು ಸುತ್ತಿಕೊಳ್ಳಲು ಬಂದ; ಫಕೀರವ್ವ ಬಿಡಲಿಲ್ಲ.

ಈಗ ನನ್ನ ಎಳೆಗಳು ಸಡಿಲಾಗಿವೆ. ಫಕೀರವ್ವನ ಗೋಡೆಯ ಗೂಟಕ್ಕೆ ಜೋತುಬಿದ್ದಿದ್ದೇನೆ. ಓಣಿ ಇನ್ನೂ ನಿಂತಿದೆ, ಕಾಗದಗಳೂ ಇನ್ನೂ ಓಡಾಡುತ್ತಿವೆ. ಗೆದ್ದೆವು ಅನ್ನಲಾರೆ. ಅಂಚನ್ನು ತೋರಿಸಿ ಒಳಗನ್ನು ಕಿತ್ತುಕೊಳ್ಳುವವರಿಗೆ ನನ್ನಂಥ ಹಗ್ಗ ಯಾವ ಸಂತೆಯಲ್ಲಾದರೂ ಸಿಗುತ್ತದೆ.

ಹೊರಗೆ ಪುರಸಭೆಯ ಜೀಪಿನ ಸದ್ದು. ಫಕೀರವ್ವ ಸೂಜಿ ಬಿಟ್ಟು ಎದ್ದಳು. ಕೌದಿ ಹೆಗಲೇರಿತು. ಇಗೋ, ನನ್ನತ್ತ ಕೈ ಚಾಚುತ್ತಿದ್ದಾಳೆ.