ಮೂಲೆಯ ಮಳಿಗೆ

“ಎಡಕ್ಕೆ... ಎಡಕ್ಕೆ ಅಂದೆ ಕಣ್ರೋ! ಅದು ಬಲ!”

ಶವಪೆಟ್ಟಿಗೆಯ ಮುಂಭಾಗ ಪಡಸಾಲೆಗೆ ಬಂದಿತ್ತು, ಹಿಂಭಾಗ ಇನ್ನೂ ಕೋಣೆಯಲ್ಲೇ ಇತ್ತು. ಹೊತ್ತವರಿಗೆ ಹಿಂದೆ ಸರಿಯಲು ಜಾಗವಿಲ್ಲ, ಮುಂದೆ ಹೋಗಲು ದಾರಿಯಿಲ್ಲ. ಬಾಡಿಗೆಗೆ ತಂದ ಪ್ಲಾಸ್ಟಿಕ್ ಕುರ್ಚಿಗಳನ್ನು ಯಾರೋ ಪುಣ್ಯಾತ್ಮರು ಬೀದಿಬಾಗಿಲಿಗೇ ಅಡ್ಡವಾಗಿ ಒಂದರ ಮೇಲೊಂದು ಪೇರಿಸಿಟ್ಟಿದ್ದರು.

“ಬಾಗಿಲಿಗೆ ಅಡ್ಡ ಸಾಮಾನು ಇಟ್ಟೋರು ಯಾರ್ರೀ?” ಎಂದು ಗರ್ನಾಲು ಗುಡುಗಿದ. ಅವನು ಪಟಾಕಿ ವ್ಯಾಪಾರಿ. ಪಿಸುಮಾತು ಆಡಿದರೂ ಪಕ್ಕದ ಬೀದಿಗೆ ಕೇಳುತ್ತಿದ್ದುದರಿಂದ ಅವನಿಗೆ ಆ ಸಿಡಿಗುಂಡಿನ ಹೆಸರು. “ಮೇಡಂ ಇದ್ದಿದ್ರೆ ಇಷ್ಟೊತ್ತಿಗೆ ದಂಡ ಹಾಕಿರೋರು.”

“ಇದ್ದಾರಲ್ಲಪ್ಪ, ನಿನ್ನ ಹೆಗಲ ಮೇಲೇ,” ಎಂದಳು ಇನ್ನೊಬ್ಬ ವ್ಯಾಪಾರಿ ಸುರುಸುರುಬತ್ತಿ ಅಜ್ಜಿ. “ಮೆತ್ತಗೆ ಮಾತಾಡು, ಕೇಳಿಸಿಕೊಂಡಾರು.”

ಇಬ್ಬರು ಮೂವರು ನಕ್ಕು, ಆಮೇಲೆ ನಕ್ಕದ್ದಕ್ಕೆ ನಾಚಿಕೊಂಡರು. ಪೆಟ್ಟಿಗೆಯ ಬಲಗಡೆ ಹೆಗಲು ಕೊಟ್ಟಿದ್ದ ತಮ್ಮನಿಗೆ ನಗು ಬರಲಿಲ್ಲ. ಒಳಗೆ ಮಲಗಿದ್ದವಳು ಅವನ ಒಡಹುಟ್ಟಿದ ಅಕ್ಕ. ಆ ಮನೆಯ ಹೊಸ್ತಿಲನ್ನು ಅವನು ತುಳಿದು ಒಂದು ವರ್ಷವಾಗಿತ್ತು.

ಅಕ್ಕ ಪುರಸಭೆಯಲ್ಲಿ ಪಟಾಕಿ ಪರವಾನಗಿಯ ಅಧಿಕಾರಿ. ಪಟಾಕಿ ಮಾರುವ ವಾರ ಬಂತೆಂದರೆ ಮೈದಾನದ ಮಳಿಗೆಗಳೆಲ್ಲ ಅವಳ ಸುಪರ್ದಿಗೆ ಬರುತ್ತಿದ್ದವು. ಗೋಡೆ ತಗಡಿನದೇ ಆಗಬೇಕು, ಬಟ್ಟೆಯ ಚಪ್ಪರ ಕೂಡದು. ಎರಡು ಮಳಿಗೆಗಳು ಎದುರುಬದುರು ಬಾಯಿ ತೆರೆದು ಕೂರುವಂತಿಲ್ಲ. ಗಿರಾಕಿ ಎಷ್ಟೇ ಗೋಗರೆದರೂ ಮಾದರಿಗೆಂದು ಒಂದು ಬತ್ತಿಯನ್ನೂ ಅಲ್ಲಿ ಹಚ್ಚುವ ಹಾಗಿಲ್ಲ. ಬಾಣಬಿರುಸಿನ ಪ್ರದರ್ಶನವಿದ್ದ ಸಂಜೆ ಗಾಳಿ ಊರಿನ ಕಡೆ ತಿರುಗಿದರೆ, ಎಂಥ ದೊಡ್ಡವರು ಕುರ್ಚಿ ಹಾಕಿ ಕೂತಿದ್ದರೂ ಪ್ರದರ್ಶನ ನಿಂತಂತೆಯೇ. ಯಾವ ಮಳಿಗೆಗೆ ಕಾಲಿಟ್ಟರೂ ಅವಳ ಮೊದಲ ಮಾತು “ನೀರೆಲ್ಲಿ?” ಬಾಯಾರಿದೆಯೆಂದು ತಿಳಿದು ಹೊಸಬನೊಬ್ಬ ಲೋಟದಲ್ಲಿ ನೀರು ತಂದುಕೊಟ್ಟ ದಿನದಿಂದ ಅವಳು ಊರಿಗೆಲ್ಲ ನೀರುಮೇಡಂ ಆದಳು.

ಅಂಥವಳ ಸ್ವಂತ ತಮ್ಮನೇ ಪಟಾಕಿ ಮಾರುವವನು. ದೀಪದ ಬುಡದಲ್ಲಿ ಕತ್ತಲೆ ಎಂದು ಜನ ಸುಮ್ಮನೆ ಹೇಳಿದ್ದಲ್ಲ. ಮಳಿಗೆಗಳನ್ನು ಚೀಟಿ ಎತ್ತಿ ಹಂಚುತ್ತಿದ್ದರು. ಅವನಿಗೆ ಪ್ರತಿ ವರ್ಷ ಬರುತ್ತಿದ್ದದ್ದು ಮೈದಾನದ ತುತ್ತತುದಿಯ ಮಳಿಗೆ. ಬೇಲಿಯ ಪಕ್ಕದ ಆ ಮೂಲೆಗೆ ಬರುವಷ್ಟರಲ್ಲಿ ಗಿರಾಕಿಗಳ ಚೀಲ ತುಂಬಿ ಜೇಬು ಬರಿದಾಗಿರುತ್ತಿತ್ತು. ಮೂಲೆಗುಂಪಾದವನಿಗೆ ಊರು ‘ಮೂಲೆ’ ಎಂದೇ ಹೆಸರಿಟ್ಟಿತು. ಹೀಗೆ ವರ್ಷ ವರ್ಷವೂ ಅವನಿಗೇ ಏಕೆ ಎಂದು ಬೇರೆ ವ್ಯಾಪಾರಿಗಳು ಒಂದು ದಿನವೂ ಕೇಳಲಿಲ್ಲ. ಕೆಟ್ಟದ್ದು ಪಕ್ಕದವನ ಪಾಲಿಗೆ ಬಂದಾಗ ಯಾರು ತಾನೇ ಲೆಕ್ಕ ಕೇಳುತ್ತಾರೆ?

ಕುರ್ಚಿಗಳನ್ನು ಸರಿಸಿದ ಮೇಲೆ ಪೆಟ್ಟಿಗೆ ಬೀದಿಗೆ ಬಂತು. ವಾಹನ ಇನ್ನೂ ಬಂದಿರಲಿಲ್ಲ. ಭಾವ ಮೆಟ್ಟಿಲ ಮೇಲೆ ಕೂತಿದ್ದ. ಅವನು ದರ್ಜಿ. ಅಳತೆಯ ಟೇಪು ಕೊರಳಲ್ಲೇ ಇತ್ತು, ತೆಗೆಯಬೇಕೆಂದು ಅವನಿಗೂ ಹೊಳೆದಿರಲಿಲ್ಲ, ಹೇಳುವ ಧೈರ್ಯ ಬೇರೆಯವರಿಗೂ ಬಂದಿರಲಿಲ್ಲ. ತಮ್ಮ ಬಂದು ಪಕ್ಕದಲ್ಲಿ ಕೂತು ಮೆಲ್ಲಗೆ ಅದನ್ನು ತೆಗೆದು, ಸುತ್ತಿ, ಭಾವನ ಜೇಬಿಗೆ ಹಾಕಿದ.

“ನಿನ್ನೆ ಗೋಡೆ ಕಡೆ ಮಲಗಿ ನೋಡಿದೆ ಕಣೋ,” ಎಂದ ಭಾವ. “ಎಷ್ಟು ಬೆಚ್ಚಗಿದೆ ಅಂತೀಯ! ಮದುವೆಯಾದಾಗಿಂದ ನನಗೆ ಬಾಗಿಲ ಕಡೆ. ಚಳಿಗಾಳಿ, ಬೆಕ್ಕು, ಬೀದಿದೀಪ, ಎಲ್ಲ ನನ್ನ ಪಾಲಿಗೆ. ಕೇಳಿದ್ರೆ, ಕಡ್ಡಿ ಎತ್ತಿ ಅನ್ನೋಳು.”

“ಪೊರಕೆ ಕಡ್ಡೀನಾ ಭಾವ?”

“ಹೂಂ. ಉದ್ದದ ಕಡ್ಡಿ ಬಂದೋರಿಗೆ ಗೋಡೆ ಕಡೆ. ಒಂದು ಸಲಾನೂ ನನಗೆ ಬರಲಿಲ್ಲ ನೋಡು.”

“ನನಗೂ ಬರ್ತಿರಲಿಲ್ಲ,” ಎಂದ ತಮ್ಮ.

ಭಾವ ಅಂಗಿಯ ಜೇಬಿನಿಂದ ಅಕ್ಕನ ಕೈಗಡಿಯಾರ ತೆಗೆದ. “ಇದು ನಿನಗಿರಲಿ. ಅವಳೇ ಹೇಳಿದ್ದು. ಪಟ್ಟಿ ಮಾತ್ರ ಸಡಿಲ. ಒಂದು ತೂತು ಬಿಗಿ ಮಾಡ್ಕೋ ಮಾರಾಯ್ತಿ, ಕೈಯಿಂದ ಜಾರುತ್ತೆ ಅಂತ ಎಷ್ಟು ಸಲ ಬಡ್ಕೊಂಡೆ. ಅಳತೆ ವಿಷಯದಲ್ಲಿ ದರ್ಜಿ ಮಾತು ಕೇಳದ ಹೆಂಡತಿ!” ಎಂದವನು ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

*

ಅವರ ಚಿಕ್ಕಂದಿನ ಮನೆಗೆ ಇದ್ದದ್ದು ಒಂದೇ ಕೋಣೆ, ಒಂದೇ ಬಾಗಿಲು. ಅಪ್ಪ ಸಗಟಿನಲ್ಲಿ ತಂದ ಪಟಾಕಿ ಪೆಟ್ಟಿಗೆಗಳು ಗೋಡೆಗೆ ತಾಗಿ ಸೂರಿನವರೆಗೂ ನಿಂತಿರುತ್ತಿದ್ದವು. ಅಪ್ಪನಿಗೆ ಮಲಗಿಕೊಂಡು ಸಿಗರೇಟು ಸೇದುವ ಚಟ. ಆಗ ನಿಯಮವೂ ಇರಲಿಲ್ಲ, ಹೇಳುವವರೂ ಇರಲಿಲ್ಲ.

ಮಕ್ಕಳಿಗೆ ಹಾಸಿಗೆಯೊಂದೇ. ಗೋಡೆ ಕಡೆ ಬೆಚ್ಚಗೆ, ಬಾಗಿಲ ಕಡೆ ಸಂದಿಯಿಂದ ನುಗ್ಗುವ ಗಾಳಿ. ಅಕ್ಕ ಪೊರಕೆಯಿಂದ ಎರಡು ಕಡ್ಡಿ ಮುರಿದು ಮುಷ್ಟಿಯಲ್ಲಿ ಹಿಡಿದು “ಎತ್ತು” ಎನ್ನುತ್ತಿದ್ದಳು. ಅವನು ಎತ್ತಿದ್ದು ಗಿಡ್ಡದ್ದೇ.

“ನೀನು ಮೋಸ ಮಾಡ್ತೀಯ!”

“ನಿನ್ನ ಕೈಯಿಂದ ನೀನೇ ಎತ್ತಿದ್ದು. ಸುಮ್ಮನೆ ಮಲಗು.”

ಅವನು ಅಳುತ್ತ ಬಾಗಿಲ ಕಡೆ ಮುದುರಿಕೊಳ್ಳುತ್ತಿದ್ದ. ನಿದ್ದೆಯ ನಡುವೆ ಒಮ್ಮೊಮ್ಮೆ ಕಣ್ಣು ಬಿಟ್ಟರೆ ಅಕ್ಕ ಎದ್ದು ಕೂತಿರುತ್ತಿದ್ದಳು. ಅವಳ ಕಣ್ಣು ಅಪ್ಪನ ಸಿಗರೇಟಿನ ಕೆಂಡದ ಮೇಲಿರುತ್ತಿತ್ತು. ಅದು ಆರಿದ ಮೇಲೇ ಅವಳು ತಲೆದಿಂಬಿಗೆ ತಲೆಯಿಡುತ್ತಿದ್ದುದು.

*

ಅಕ್ಕನ ಮೇಲೆ ಮಣ್ಣು ಬಿದ್ದು ಮುಗಿಯಿತು. ಜನ ಕೈ ತೊಳೆದು ಎರಡೆರಡಾಗಿ ಗೇಟಿನ ಕಡೆ ಹೊರಟರು. ಪುರಸಭೆಯ ಜವಾನ ತಮ್ಮನ ಪಕ್ಕಕ್ಕೆ ಬಂದ. ಅಕ್ಕನ ಕಾಲದುದ್ದಕ್ಕೂ ಅವಳ ಹಿಂದೆ ನೆರಳಿನ ಹಾಗೆ ಓಡಾಡಿದವನು ಅವನು.

“ಅಣ್ಣಾ, ಹೇಳೋಕೆ ನಾಲಿಗೆ ಏಳ್ತಿಲ್ಲ. ಚೀಟಿ ಎತ್ತೋದು ಇವತ್ತೇ. ತಪ್ಪಿದ್ರೆ ಅಗ್ನಿಶಾಮಕದವರ ಒಪ್ಪಿಗೆ ಬಿದ್ದುಹೋಗುತ್ತೆ. ಮೇಡಂ ಮಾಡಿದ ನಿಯಮ.”

“ಅವಳ ನಿಯಮ ಅವಳಿಗೇ ಒಂದು ದಿನ ರಜೆ ಕೊಡಲ್ವಾ?”

“ಕೊಡಲ್ಲ ಅಣ್ಣಾ.”

ತಮ್ಮ ತಿರುಗಿ ಹಸಿಮಣ್ಣಿನ ದಿಬ್ಬವನ್ನು ನೋಡಿದ. ಕಳೆದ ವರ್ಷ ಇದೇ ದಿನ ಅವನು ಎಲ್ಲರೆದುರು ಅಕ್ಕನ ಕಾಲಬಳಿ ಚೀಟಿ ಎಸೆದಿದ್ದ. ಅಧಿಕಾರಿಯ ಸಂಬಂಧಿ ಕೊನೆಯಲ್ಲೇ ಎತ್ತಬೇಕೆಂಬುದೂ ಅವಳದೇ ನಿಯಮ. ಎಲ್ಲರೂ ಎತ್ತಿಯಾಗಿ ಅವನ ಸರದಿ ಬಂದಾಗ ಅವಳು ಎಂದಿನ ಹಾಗೆ ಕೈಗಡಿಯಾರ ನೋಡಿಕೊಂಡಳು, ಡಬ್ಬಿ ಚಾಚಿದಳು, “ಹೊತ್ತಾಯ್ತು, ಬೇಗ ಎತ್ತು” ಎಂದಳು. ಬೇರೆ ಯಾರ ಸರದಿಯಲ್ಲೂ ಅವಳಿಗೆ ಹೊತ್ತಾಗುತ್ತಿರಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಒಂದೇ ಚೀಟಿಯನ್ನು ಬಿಚ್ಚಿದರೆ ಮತ್ತೆ ಅದೇ ಮೂಲೆ.

“ಊರಿಗೆಲ್ಲ ಅಧಿಕಾರಿ ನೀನು! ಒಡಹುಟ್ಟಿದವನಿಗೆ ಮಾತ್ರ ಮೂಲೆ! ನಿನ್ನ ಕೈಯಿಂದ ನನಗೆ ಯಾವತ್ತಾದ್ರೂ ಒಳ್ಳೇದು ಬಂದಿದೆಯಾ?”

ಅವಳು ಬಗ್ಗಿ ಚೀಟಿ ಎತ್ತಿಕೊಂಡು, ಮಡಿಕೆ ಸವರಿ, ಅವನ ಕೈಗಿಟ್ಟಳು. “ಚೀಟಿ ಬಿಸಾಡಬೇಡ. ಮಳಿಗೆ ರದ್ದಾಗುತ್ತೆ.” ಅಷ್ಟೇ ಅವಳ ಉತ್ತರ. ಅವಳಿಗೆ ಹುಷಾರಿಲ್ಲ ಎಂಬ ಸುದ್ದಿ ಬಂದಾಗ ಇವನು ನಾಳೆ ಹೋಗೋಣ ಎಂದುಕೊಂಡ. ಮರುದಿನವೂ ನಾಳೆ ಎಂದ. ನಾಳೆ ಎಂದವನ ಮನೆ ಹಾಳು ಎನ್ನುವುದು ಸುಳ್ಳಲ್ಲ. ಈಗ ಒಂದೇ ಪ್ರಶ್ನೆ ಉಳಿದಿತ್ತು. ಅವಳಿಗೆ ತಾನು ತಮ್ಮನಾಗಿದ್ದೆನೋ, ಇಲ್ಲ ಪರವಾನಗಿಯ ಒಂದು ನಂಬರು ಮಾತ್ರವೋ? ಉತ್ತರ ಹೇಳಬೇಕಾದವಳು ಮಣ್ಣಿನಡಿ ಇದ್ದಳು.

*

ಒಂದು ವರ್ಷ ಮೈದಾನದಲ್ಲಿ ಬೆಂಕಿ ಬಿದ್ದಿತ್ತು. ಗರ್ನಾಲು ಗಿರಾಕಿಯ ಮುಲಾಜಿಗೆ ಬಿದ್ದು ಮಾದರಿಗೆ ಒಂದು ಬತ್ತಿ ಹಚ್ಚಿಸಿದ್ದ. ಕಿಡಿ ಹಾರಿತು, ಹೊಗೆ ಎದ್ದಿತು, ಜನವೆಲ್ಲ ಒಂದೇ ಸಲ ಮುಂದಿನ ಗೇಟಿಗೆ ನುಗ್ಗಿದರು. ಸಾಯುವಂಥದ್ದೇನೂ ಆಗಲಿಲ್ಲ. ಕೆಲವರ ಕೈಕಾಲು ತರಚಿತು, ಗರ್ನಾಲುವಿನ ಹುಬ್ಬು ಸುಟ್ಟುಹೋಯಿತು.

ತಮ್ಮ ತನ್ನ ಮಳಿಗೆಯ ಹಿಂದಿದ್ದ ಬೇಲಿಯ ಸಂದಿಯಿಂದ ಆಗಲೇ ರಸ್ತೆಗೆ ಬಂದಿದ್ದ. ಹಾಳಾದ ವ್ಯಾಪಾರಕ್ಕೆ ಶಾಪ ಹಾಕುತ್ತ ನಿಂತಿದ್ದಾಗ ಹೊಗೆಯೊಳಗಿಂದ ಅಕ್ಕ ಓಡಿಬಂದಳು. ಚಪ್ಪಲಿ ಒಂದೇ ಕಾಲಲ್ಲಿತ್ತು. ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ನಿನ್ನ ಬಕೆಟ್ ಎಲ್ಲಿ?” ಎಂದಳು.

“ಒಳಗೇ ಇದೆ.”

“ಹೊರಗೆ ಇಡಬೇಕು ಅಂತ ಎಷ್ಟು ಸಲ ಹೇಳಿಲ್ಲ?” ಎಂದು ಗದರಿ, ಬಂದ ದಾರಿಯಲ್ಲೇ ಹೊಗೆಯೊಳಕ್ಕೆ ಹೋದಳು. ಬದುಕಿದ್ದೀಯಾ ಎಂದು ಕೇಳಲಿಲ್ಲ, ಬಕೆಟ್ ಕೇಳಿದಳು ಎಂದು ಅವನು ಎಷ್ಟೋ ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದ.

*

ಮೈದಾನದ ನಡುವಿನ ದೀಪದ ಕಂಬದ ಕೆಳಗೆ ವ್ಯಾಪಾರಿಗಳೆಲ್ಲ ಸ್ಮಶಾನದಿಂದ ನೇರವಾಗಿ ಬಂದು ಸೇರಿದ್ದರು. ಮಳಿಗೆಗಳು ಇನ್ನೂ ಎದ್ದಿರಲಿಲ್ಲ, ಸುಣ್ಣದ ಗೆರೆಗಳಷ್ಟೇ ಇದ್ದವು. ಅಕ್ಕನೇ ನಿಂತು ಎಳೆಸಿದ ಗೆರೆಗಳು. ಜವಾನ ಹಳೆಯ ಬಿಸ್ಕತ್ ಡಬ್ಬಿ ತಂದ. ಚೀಟಿಗಳನ್ನು ಎಲ್ಲರಿಗೂ ತೋರಿಸಿ, ಮಡಿಸಿ, ಒಳಗೆ ಹಾಕಿ ಕುಲುಕಿದ.

“ಮೂಲೆ, ನೀನು ಈ ಸಲ ಮೊದಲು ಎತ್ತು,” ಎಂದ ಗರ್ನಾಲು, ತನ್ನ ಪಾಲಿಗೆ ಮೆಲುದನಿಯಲ್ಲಿ. “ಇನ್ನೇನು, ನೀನು ಅಧಿಕಾರಿಯ ಸಂಬಂಧಿ ಅಲ್ವಲ್ಲ.”

ಪಾಪ, ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ತಮ್ಮನಿಗೆ ಮಾತ್ರ ಕೆನ್ನೆಗೆ ಹೊಡೆದ ಹಾಗಾಯಿತು.

“ನಾನು ಕೊನೇಲೇ ಎತ್ತೋದು,” ಎಂದ.

ಒಬ್ಬೊಬ್ಬರಾಗಿ ಎತ್ತಿದರು. ಗರ್ನಾಲುವಿಗೆ ಗೇಟಿನ ಪಕ್ಕದ್ದು ಬಂತು. ಕೊನೆಗೆ ಉಳಿದವರು ಅಜ್ಜಿ ಮತ್ತು ತಮ್ಮ, ಉಳಿದ ಮಳಿಗೆಗಳು ಎರಡು: ಒಂದು ದೀಪದ ಕಂಬದ್ದು, ಇನ್ನೊಂದು ಮೂಲೆಯದು. ಕಂಬದ ಮಳಿಗೆಯೆಂದರೆ ಕೂತಲ್ಲಿಗೇ ಗಿರಾಕಿ. ಪ್ರತಿಯೊಬ್ಬನೂ ಬಾಯಿ ಚಪ್ಪರಿಸುವ ಜಾಗ ಅದು. ಅಜ್ಜಿ ಡಬ್ಬಿಗೆ ಕೈ ಹಾಕಿ, ಚೀಟಿ ಬಿಚ್ಚಿ, ಕಣ್ಣಿಗೆ ಹತ್ತಿರ ಹಿಡಿದಳು.

“ಅಯ್ಯೋ, ನನಗೆ ಮೂಲೆ ಬಂತಲ್ಲಪ್ಪ!”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗರ್ನಾಲು ಸಿಡಿದ. “ಮೂಲೆಗೆ ಕಂಬ ಬಂತು ಕಣ್ರೋ! ಅಂತೂ ಇಂತೂ ನಿನ್ನ ಅದೃಷ್ಟ ಖುಲಾಯಿಸ್ತು!” ಯಾರ್ಯಾರೋ ತಮ್ಮನ ಬೆನ್ನು ತಟ್ಟಿದರು. ಅವನು ಡಬ್ಬಿಗೆ ಕೈ ಹಾಕಿದ. ತಳದಲ್ಲಿದ್ದ ಚೀಟಿ ಕೈಗೆ ಸಿಕ್ಕಿತು. ಎಷ್ಟೋ ವರ್ಷ ಬಯಸಿದ್ದು ಕೈಯಲ್ಲಿದ್ದರೂ ಮನಸ್ಸು ಅರಳಲಿಲ್ಲ.

ಜವಾನ ಮಾತ್ರ ಡಬ್ಬಿಯನ್ನು ಎದೆಗವಚಿಕೊಂಡು ಮಗುವಿನ ಹಾಗೆ ಅಳುತ್ತಿದ್ದ. ತಮ್ಮ ಅವನನ್ನು ಕಂಬದ ಆಚೆಗೆ ಕರೆದುಕೊಂಡು ಹೋದ.

“ಯಾಕೋ? ನನಗೆ ಒಳ್ಳೇದು ಬಂದಿದ್ದಕ್ಕೆ ಅಳ್ತೀಯಾ?”

“ನಿಮ್ಮ ಸರದೀಲಿ ಡಬ್ಬಿ ಯಾವತ್ತೂ ಖಾಲಿ ಇರ್ತಿತ್ತು ಅಣ್ಣಾ,” ಎಂದ ಜವಾನ. “ಮೂಲೆ ಚೀಟೀನ ಮೇಡಂ ಮೊದಲೇ ತೆಗೆದು ಗಡಿಯಾರದ ಪಟ್ಟಿ ಕೆಳಗೆ ಇಟ್ಕೊಳ್ಳೋರು. ನೀವು ಹತ್ತಿರ ಬಂದಾಗ ಹೊತ್ತು ನೋಡೋ ಹಾಗೆ ಕೈ ತಿರುಗಿಸಿ ಒಳಗೆ ಬಿಡೋರು. ನಾನು ಒಂದು ಸಲ ಕೇಳಿಬಿಟ್ಟೆ, ಪಾಪ ಯಾಕೆ ಮೇಡಂ, ನಿಮ್ಮ ತಮ್ಮ ಅಲ್ವಾ ಅಂತ.”

“ಏನಂದಳು?”

“ತಮ್ಮ ಅಂತಾನೇ ಕಣೋ ಅಂದ್ರು. ಅಲ್ಲೊಂದು ಕಡೆ ಮಾತ್ರ ಬೆನ್ನ ಹಿಂದೆ ಬೇಲೀಲಿ ಸಂದಿ ಇದೆ, ಬೆಂಕಿ ಬಿದ್ರೆ ಮೊದಲು ಆಚೆ ಬರೋನು ಅವನೇ ಅಂದ್ರು. ಆ ಸಂದಿ ಮುಚ್ಚೋಕೆ ಬಂದವರನ್ನೂ ಬೈದು ಕಳಿಸಿದ್ರು. ಎಲ್ಲ ಮಳಿಗೆಗೂ ಹಿಂದೊಂದು ದಾರಿ ಬಿಡಿಸಬೇಕು ಅಂತ ಎಷ್ಟು ಸಲ ಬರೆದು ಕೇಳಿದ್ರೋ, ಮೇಲಿನವರು ಒಪ್ಪಲಿಲ್ಲ. ಊರಿಗೆಲ್ಲ ನಿಯಮ ಹೇಳ್ತೀನಿ, ಇದೊಂದು ಕಳ್ಳತನ ನನ್ನ ಹೊಟ್ಟೇಲಿ ಇರಲಿ, ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡ್ರು. ಇವತ್ತು ಡಬ್ಬಿ ನನ್ನ ಕೈಲಿತ್ತು. ನನಗೆ ಆ ಕೈಚಳಕ ಬರಲ್ಲ ಅಣ್ಣಾ.”

ತಮ್ಮನಿಗೆ ಪೊರಕೆಯ ಕಡ್ಡಿ ನೆನಪಾಯಿತು. ಮುಷ್ಟಿಯೊಳಗೆ ಎರಡೂ ಗಿಡ್ಡವೇ ಇದ್ದಿರಬೇಕು. ಬೆಚ್ಚಗಿನ ಗೋಡೆಯೆಂದರೆ ಪಟಾಕಿ ಪೆಟ್ಟಿಗೆಗಳ ಪಕ್ಕ. ಅವಳು ಅಲ್ಲಿ ಮಲಗಿ, ಬಾಗಿಲನ್ನು ಅವನಿಗೆ ಬಿಟ್ಟಿದ್ದಳು. ಮೋಸ ಮಾಡ್ತೀಯ ಎಂದು ಕೂಗಿದ್ದು ಸರಿಯಾಗಿಯೇ ಇತ್ತು. ಅವನು ಕಂಬಕ್ಕೆ ಹಣೆಯಿಟ್ಟು ಅತ್ತ. ಜವಾನ ತನ್ನ ಅಳು ನಿಲ್ಲಿಸಿ ಅವನ ಬೆನ್ನು ಸವರಿದ.

ಅಜ್ಜಿ ಮೂಲೆಯ ಗೆರೆಗಳ ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತು ಹಣೆಬರಹವನ್ನು ಬೈದುಕೊಳ್ಳುತ್ತಿದ್ದಳು. ತಮ್ಮ ಕಣ್ಣೊರೆಸಿಕೊಂಡು ಅಲ್ಲಿಗೆ ನಡೆದ.

“ಅದಲುಬದಲು ಮಾಡ್ಕೊಳ್ಳೋಣ ಅಂದ್ರೆ ನಿನ್ನ ಅಕ್ಕನ ನಿಯಮ ಬಿಡಲ್ಲ,” ಎಂದಳು ಅಜ್ಜಿ. “ಎತ್ತಿದವರಿಗೇ ಅಂಟಿಕೊಂಡಿರಬೇಕಂತೆ.”

“ಒಳ್ಳೇ ಜಾಗ ಅಜ್ಜಿ, ಇದಕ್ಕಿಂತ ಒಳ್ಳೇದು ಈ ಮೈದಾನದಲ್ಲಿ ಇಲ್ಲ. ಹಿಂದೆ ಬೇಲೀಲಿ ಸಂದಿ ಇದೆ ನೋಡಿ. ಅದಕ್ಕೆ ಅಡ್ಡ ಏನೂ ಇಡಬೇಡಿ. ಒಂದು ಪೆಟ್ಟಿಗೇನೂ ಇಡಬೇಡಿ. ಬಕೆಟ್ ಹೊರಗಿರಲಿ.”

“ಥೇಟ್ ನೀರುಮೇಡಂ ಮಾತು!” ಎಂದು ಅಜ್ಜಿ ಕಣ್ಣರಳಿಸಿದಳು.

ಜನ ಚದುರಿದರು. ಮೈದಾನದ ದೀಪ ಹೊತ್ತಿಕೊಂಡಿತು. ತಮ್ಮ ಹಿಂತಿರುಗಿ ಬಂದು ತನ್ನ ಹೊಸ ಮಳಿಗೆಯ ಗೆರೆಗಳೊಳಗೆ ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಹಿಂದಕ್ಕೆ ನೋಡಿದ. ಬೆಂಕಿ ಬಿದ್ದರೆ ಯಾವ ಕಡೆ ಹೋಗಬೇಕೆಂದು ಹುಟ್ಟಿದಾಗಿನಿಂದ ಮೊದಲ ಬಾರಿಗೆ ತಾನೇ ಹುಡುಕುತ್ತಿದ್ದ. ಕೈಯಲ್ಲಿದ್ದ ಚೀಟಿಯನ್ನು ಸಣ್ಣಗೆ ಮಡಿಸಿ, ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಅಕ್ಕನ ಗಡಿಯಾರದ ಪಟ್ಟಿಯ ಕೆಳಗೆ ತೂರಿಸಿದ. ಸಡಿಲವಾಗಿದ್ದ ಪಟ್ಟಿ ಬಿಗಿಯಾಗಿ ಕೂತಿತು.