ಫೆಬ್ರವರಿಯ ಹೊರಗೋಡೆ

"ಕತ್ತೆ ಮುಂಡೇದೆ, ದೋಣಿ ಹೊಟ್ಟೆ ಕೆರೆಯೋಕೂ ಬರಲ್ವಾ ನಿಂಗೆ? ನಲವತ್ತೆರಡು ವರ್ಷ ಏನ್ ಸಗಣಿ ತಿಂದ್ಕೊಂಡು ಬೆಳೆದ್ಯೇ?"

ಬುರ್ಮೈಸ್ಟರ್ ಮೇಸ್ತ್ರಿ ಹೀಗೆ ಬೈಯುವಾಗ ನಾನು ಅವನ ಸ್ವಂತ ದೋಣಿಯ ಕೆಳಗೆ ಅಂಗಾತ ಮಲಗಿದ್ದೆ. ಹಳೆ ಬಣ್ಣದ ಕೆಂಪು ಪುಡಿ, ಒಣಗಿದ ಚಿಪ್ಪಿನ ಚೂರು ಕಣ್ಣಿಗೆ ಉದುರುತ್ತಿದ್ದವು. ಮುಖಕ್ಕೆ ಕಟ್ಟಿಕೊಳ್ಳಲು ಏನಾದರೂ ಕೊಡಿ ಎಂದು ಕೇಳಿದ್ದೆ. ಅದೆಲ್ಲ ಗಿರಾಕಿಗಳ ಕೆಲಸಕ್ಕೆ ತಂದಿಟ್ಟದ್ದು ಅಂದಿದ್ದ. ಶೆಡ್ಡಿನ ಹೊರಗೆ ಬಂದರಿನ ನೀರು ಹೆಪ್ಪುಗಟ್ಟಿತ್ತು. ಕೈಯೊಳಗಿನದು ಕೆರೆಗತ್ತಿಯ ಕಬ್ಬಿಣವೋ ನನ್ನ ಬೆರಳೋ ತಿಳಿಯುತ್ತಿರಲಿಲ್ಲ.

ಊರಿನ ಮೀನು ಡಬ್ಬಿಯ ಕಾರ್ಖಾನೆ ಮುಚ್ಚಿದ ಮೇಲೆ ಬಣ್ಣದ ಕಸುಬು ಕಲಿಯಲು ಇವನ ಹತ್ತಿರ ಸೇರಿದೆ. ಮೂರು ವರ್ಷದ ಕರಾರು. ಕೊನೆಗೆ ಕಸುಬುದಾರರ ಸಂಘದವರು ಪರೀಕ್ಷೆ ಇಡುತ್ತಾರೆ. ಪಾಸಾದರೆ ಪೂರ್ತಿ ಕೂಲಿ, ಎಲ್ಲಿ ಬೇಕಾದರೂ ಕೆಲಸ. ಇಲ್ಲವಾದರೆ ಈ ವಯಸ್ಸಿನಲ್ಲಿ ನನ್ನನ್ನು ಯಾರು ಕರೆಯುತ್ತಾರೆ? ಪರೀಕ್ಷೆಯಲ್ಲಿ ಒಂದು ಬಾಗಿಲಿಗೆ ಸೋರುಗೆರೆ ಬೀಳದಂತೆ ಬಣ್ಣ ಹಚ್ಚಬೇಕು. ಎರಡೂವರೆ ವರ್ಷವಾದರೂ ಅವನು ನನ್ನ ಕೈಗೆ ಒಂದು ಬಾಗಿಲು ಕೊಟ್ಟಿರಲಿಲ್ಲ. ಅವನ ಹುಲ್ಲು ಕತ್ತರಿಸಿದ್ದೇನೆ. ಅವನ ನಾಯಿಗೂಡು ತೊಳೆದಿದ್ದೇನೆ. ಹಾಸಿಗೆ ಹಿಡಿದ ಅವನ ತಾಯಿಯ ಮೈ ಒರೆಸಿದ್ದೇನೆ. ಪಾಪ, ಆ ಮುದುಕಿಯೊಬ್ಬಳೇ ಆ ಮನೆಯಲ್ಲಿ ನನಗೆ ಥ್ಯಾಂಕ್ಸ್ ಅಂದವಳು.

ಮೂರನೇ ವರ್ಷಕ್ಕೆ ಕಾಲಿಟ್ಟಾಗ ಸಂಬಳ ಏರಬೇಕಿತ್ತು, ಕರಾರಿನಲ್ಲೇ ಬರೆದಿದೆ. ಏರಲಿಲ್ಲ. ಕೇಳಿದೆ.

"ಒಂದು ಬಾಗಿಲಿಗೆ ಬಣ್ಣ ಹಚ್ಚೋಕೆ ಬರಲ್ಲ, ನಿಂಗ್ಯಾಕೆ ಮೂರನೇ ವರ್ಷದ ಸಂಬಳ?" ಅಂದ.

ನಾನು ಸುಮ್ಮನಾದೆ. ಆ ಸುಮ್ಮನಿರುವಿಕೆಗೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಸುಮ್ಮನಿದ್ದದ್ದು ಪುಸ್ತಕದ ಭಯಕ್ಕೆ. ನಮ್ಮಲ್ಲಿ ಕಸುಬು ಕಲಿಯುವವರೆಲ್ಲ ವಾರವಾರ ಏನು ಕಲಿತೆವೆಂದು ಒಂದು ಪುಸ್ತಕದಲ್ಲಿ ತಮ್ಮ ಕೈಯಾರೆ ಬರೆದು ಮೇಸ್ತ್ರಿಯ ರುಜು ಹಾಕಿಸಬೇಕು. ಒಂದು ವಾರದ ರುಜು ತಪ್ಪಿದರೂ ಪರೀಕ್ಷೆಗೆ ಕೂರಿಸುವುದಿಲ್ಲ. ಪ್ರತಿ ಶುಕ್ರವಾರ ಮಧ್ಯಾಹ್ನ ಬುರ್ಮೈಸ್ಟರ್ ಹಸಿ ಹಂದಿಮಾಂಸದ ಕೈಮ, ಈರುಳ್ಳಿ ಹರಡಿದ ಬನ್ನು ತಿನ್ನುತ್ತಾ ಏನು ಬರೆಯಬೇಕೆಂದು ಹೇಳುತ್ತಿದ್ದ, ನಾನು ನಿಂತುಕೊಂಡು ಬರೆಯುತ್ತಿದ್ದೆ. ನಾಯಿಗೂಡು ತೊಳೆದದ್ದು 'ಹಳೆ ಮೇಲ್ಮೈಯ ಶುದ್ಧಿ' ಆಗುತ್ತಿತ್ತು. ತಾಯಿಯ ಮೈ ಒರೆಸಿದ್ದು 'ಗಿರಾಕಿಯೊಡನೆ ನಡೆದುಕೊಳ್ಳುವ ರೀತಿ'. ಇಪ್ಪತ್ತು ವರ್ಷದಿಂದ ಅಲ್ಲೇ ದುಡಿಯುವ ಹೆನ್ನಿಂಗ್ ಬಾಗಿಲಲ್ಲಿ ನಿಂತು ನಗುತ್ತಿದ್ದ. ಅವನು ಕಲಿಯುವಾಗ ಮೇಸ್ತ್ರಿಯ ಅಪ್ಪನ ಹಂದಿ ಮೇಯಿಸಿದವನಂತೆ.

"ನನ್ ಪುಸ್ತಕದಲ್ಲಿ ಆ ಹಂದಿಗಳೆಲ್ಲ ಗೋಡೆಗಳೇ ಕಣಕ್ಕಾ," ಎಂದ. "ಬರ್ದು ಬಿಸಾಕು. ಯಾರ್ ಓದ್ತಾರೆ?"

ದೋಣಿ ಕೆರೆದ ಆ ಫೆಬ್ರವರಿಯ ವಾರಕ್ಕೆ ಮೇಸ್ತ್ರಿ ಬನ್ನು ಅಗಿಯುತ್ತಲೇ 'ಹೊರಗೋಡೆಗೆ ಎರಡು ಸಲ ಬಣ್ಣ' ಅಂದ. ಬರೆದೆ. ರುಜು ಬಿತ್ತು.

ಮಾರ್ಚಿನಲ್ಲಿ ಪರೀಕ್ಷೆಯ ಅರ್ಜಿ ಹಿಡಿದು ಸಂಘದ ಕಚೇರಿಗೆ ಹೋದೆ. ಕೌಂಟರಿನ ಆಚೆ ಕೂತಿದ್ದವನು ಲೆಮ್‌ಕೆ, ಹಿಂದೆ ತಾನೂ ಬಣ್ಣದ ಮೇಸ್ತ್ರಿಯಾಗಿದ್ದವನು, ಬುರ್ಮೈಸ್ಟರ್ ಜೊತೆ ಬೇಟೆಗೆ ಹೋಗುವವನು. ಪುಟ ತಿರುವುತ್ತಾ ಬಂದವನು ಫೆಬ್ರವರಿಯಲ್ಲಿ ನಿಂತ. ಕನ್ನಡಕ ತೆಗೆದು ಒರೆಸಿದ. ನನ್ನ ಹಿಂದೆ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಓದಿದ.

"ಮೈನಸ್ ಹನ್ನೊಂದು ಡಿಗ್ರಿ ಚಳೀಲಿ ಹೊರಗೋಡೆಗೆ ಬಣ್ಣ ಹೊಡೆದಿದಾಳೆ ನೋಡ್ರಪ್ಪಾ, ಮಹಾತಾಯಿ. ಬಣ್ಣ ಹೊಡೆದ್ಯೋ, ಐಸ್‌ಕ್ರೀಮ್ ಮೆತ್ತಿದ್ಯೋ?"

ಸಾಲು ನಕ್ಕಿತು. ನನಗೆ ಯಾಕೆಂದು ಗೊತ್ತಾಗಲಿಲ್ಲ. ನಿಜವಾಗಿ ಗೊತ್ತಾಗಲಿಲ್ಲ. ಹೆಪ್ಪುಗಟ್ಟುವ ಚಳಿಯಲ್ಲಿ ಹೊರಗಿನ ಗೋಡೆ ಬಣ್ಣ ಹಿಡಿಯುವುದಿಲ್ಲ, ಬಿಸಿಲು ಬಂದೊಡನೆ ಹಪ್ಪಳದಂತೆ ಏಳುತ್ತದೆ ಎಂಬುದನ್ನು ಅವನ ಬಾಯಿಂದಲೇ ಮೊದಲು ಕೇಳಿದೆ. ಮೊದಲ ತಿಂಗಳಲ್ಲೇ ಕಲಿಯಬೇಕಾದ ಪಾಠವಂತೆ.

ಲೆಮ್‌ಕೆ ಬುರ್ಮೈಸ್ಟರ್‌ಗೆ ಫೋನು ಹಚ್ಚಿದ. ಇಬ್ಬರೂ ಸ್ವಲ್ಪ ನಕ್ಕರು. ಬರೆದದ್ದೆಲ್ಲ ಅವಳೇ, ನಂಬಿಕೆಯ ಮೇಲೆ ರುಜು ಹಾಕಿದೆ ಅಂದನಂತೆ ಅತ್ತಲಿನವನು. ಫೋನಿಟ್ಟ ಲೆಮ್‌ಕೆ ದನಿ ತಗ್ಗಿಸಿ, ಕರುಣೆ ತೋರುವವನಂತೆ ಪೆನ್ನು ಚಾಚಿದ.

"ಸುಳ್ಳು ಬರೆದದ್ದಕ್ಕೆ ಅರ್ಜಿ ಆಚೆ ಎಸೀಬೋದು ನಾನು. ಹೋಗ್ಲಿ ಪಾಪ. 'ಹೊರಗೋಡೆ' ಹೊಡೆದಾಕಿ 'ಒಳಗಿನ ಮೆಟ್ಟಿಲ ಗೋಡೆ' ಅಂತ ಮಾಡು. ನಾನ್ ನೋಡ್ಲಿಲ್ಲ."

ಪೆನ್ನು ತಗೊಂಡೆ. 'ಹೊರಗೋಡೆ' ಹೊಡೆದುಹಾಕಿದೆ. ಅದರ ಮೇಲೆ ಬರೆದೆ: ಮೇಸ್ತ್ರಿಯ ದೋಣಿಯ ತಳ ಕೆರೆದೆ, ಆರು ದಿನ, ಶನಿವಾರವೂ ಸೇರಿ. ಹಿಂದಿನ ಪುಟಕ್ಕೆ ಹೋದೆ. ಅಲ್ಲೂ ನಿಜ ಬರೆದೆ: ನಾಯಿಗೂಡು ತೊಳೆದೆ.

"ಏಯ್, ಏನ್ ಮಾಡ್ತಿದೀಯ? ಒಂದೇ ಪುಟ ಅಂದಿದ್ದು."

"ಒಂದೇ ಪುಟಕ್ಕೆ ಮುಗಿಯಲ್ಲ ಸ್ವಾಮಿ."

"ಮೇಸ್ತ್ರಿ ರುಜು ಮೇಲೆ ಗೀಚಿದ್ರೆ ಪುಸ್ತಕ ಕಸ ಆಯ್ತದೆ. ಪರೀಕ್ಷೆ ಹೋಯ್ತು ನಿಂದು, ತಿಳ್ಕೊ."

"ಫೆಬ್ರವರೀಲಿ ಹೊರಗೋಡೆಗೆ ಬಣ್ಣ ಹೊಡೆದೆ ಅಂತ ಬರೆದಿದೀನಿ. ಕಸುಬು ಬಲ್ಲೋನು ಯಾವನೂ ಹಂಗೆ ಸುಳ್ಳು ಹೇಳಲ್ಲ. ಕಲಿಸ್ದೇ ಇದ್ದೋಳು ಮಾತ್ರ ಹೇಳ್ತಾಳೆ. ಇದಕ್ಕಿಂತ ಸಾಕ್ಷಿ ಬೇಕಾ ನಿಂಗೆ? ನೀನೂ ಬಣ್ಣದೋನೇ ಅಲ್ವೇನಯ್ಯಾ?"

ಅವನ ಮುಖ ಇಟ್ಟಿಗೆಯಂತೆ ಕೆಂಪಾಯಿತು. ಅರ್ಜಿಯ ಮೇಲೆ ತಿರಸ್ಕಾರದ ಮುದ್ರೆ ಒತ್ತಿ ನನ್ನತ್ತ ನೂಕಿದ. ಹನ್ನೆರಡಕ್ಕೆ ಕಚೇರಿ ಮುಚ್ಚುತ್ತದೆ, ಹೊರಡು ಅಂದ. ಅರ್ಜಿ ಮಡಚಿ ಜೇಬಿಗೆ ಹಾಕಿಕೊಂಡೆ. ಪುಸ್ತಕವನ್ನೂ ಅವನ ಪೆನ್ನನ್ನೂ ಎತ್ತಿಕೊಂಡು ಕಿಟಕಿಯ ಹಲಗೆಯ ಮೇಲೆ ಬಿಡಿಸಿಟ್ಟು ಬರೆಯುತ್ತಾ ನಿಂತೆ. ಪೊಲೀಸರನ್ನು ಕರೆಸುತ್ತೇನೆ ಅಂದ. ಕರೆಸು ಅಂದೆ, ಅವರೂ ಓದಲಿ.

ನನ್ನ ಹಿಂದೆ ಸಾಲಿನಲ್ಲಿದ್ದವನು ಸೂರು ಹೊದಿಸುವ ಕಸುಬು ಕಲಿಯುತ್ತಿದ್ದವನು, ಉಗುರಿನಲ್ಲೆಲ್ಲ ಡಾಂಬರು. ಮೊದಲು ಜೋರಾಗಿ ನಕ್ಕವನು ಅವನೇ. ಈಗ ಬಂದು ನನ್ನ ಭುಜದ ಮೇಲಿಂದ ಎರಡು ಪುಟ ಓದಿದ. ಲೆಮ್‌ಕೆ ಅವನ ಹೆಸರು ಕೂಗಿದ. ಅವನು ಕೌಂಟರಿನ ಕಡೆ ಹೋಗಲಿಲ್ಲ. ಅಂಗಿಯೊಳಗಿಂದ ತನ್ನ ಪುಸ್ತಕ ತೆಗೆದು ಕಿಟಕಿಯ ಹಲಗೆಯ ಮೇಲಿಟ್ಟ.

"ಅಕ್ಕಾ, ಆ ಪೆನ್ನು ಕೊಡ್ತೀಯಾ?"

ಇರು ಅಂದೆ. ನಂದಿನ್ನೂ ನೂರಾ ಹತ್ತು ವಾರ ತಿದ್ದೋದು ಬಾಕಿ ಇದೆ.