ಫೋರ್ಕಿಗೆ ಉಣಿಸಿದವಳು

ಗಿರಣಿಯಮ್ಮನಿಗೆ ಇದ್ದದ್ದು ಎರಡೇ ಭಕ್ತಿ. ಒಂದು ದೇವರ ಮೇಲೆ, ಇನ್ನೊಂದು ಗ್ರೀಸಿನ ಮೇಲೆ. ಬೆಳಗ್ಗೆ ದೀಪ ಹಚ್ಚಿ ಕೈಮುಗಿದವಳು ನೇರ ಹಿಟ್ಟಿನ ಗಿರಣಿಗೆ ಬಂದು, ಒಂದೊಂದು ಬೇರಿಂಗಿಗೂ ಬೆರಳಿನಿಂದ ಗ್ರೀಸ್ ತುಂಬುವಳು. "ಯಂತ್ರ ಹಸ್ಕೊಂಡು ದುಡೀಬಾರದು ಕಣೇ" ಎಂದು ಮಗಳಿಗೆ ಹೇಳುವಳು. ಆ ಗಿರಣಿ ಒಂದು ದಿನವೂ ಕಿರುಗುಟ್ಟಿದ್ದಿಲ್ಲ.

ಮಗಳ ಹುಚ್ಚು ಬೇರೆ. ಕಲ್ಲು, ಬೇರು, ಕೊರಕಲು ಯಾವುದನ್ನೂ ಲೆಕ್ಕಿಸದೆ ಗುಡ್ಡದ ನೆತ್ತಿಯಿಂದ ಸೈಕಲ್ಲಿನಲ್ಲಿ ಇಳಿಯುವ ಪಂದ್ಯ ಅವಳದು. ಆ ಸೈಕಲ್ಲಿನ ಮುಂದಿನ ಚಕ್ರ ಹಿಡಿದ ಫೋರ್ಕ್ ಸಾಮಾನ್ಯದ್ದಲ್ಲ. ಎರಡು ನುಣುಪು ಕೊಳವೆಗಳು ಎರಡು ದಪ್ಪ ಕೊಳವೆಗಳೊಳಗೆ ಜಾರುತ್ತ, ಕಲ್ಲಿನ ಏಟನ್ನೆಲ್ಲ ತಾವೇ ನುಂಗಿ, ಸವಾರಳ ಕೈಗೆ ಬರೀ ಸುದ್ದಿ ಮುಟ್ಟಿಸುತ್ತವೆ.

ಈಚೆಗೆ ಸುದ್ದಿಯ ಬದಲು ಏಟೇ ಬರುತ್ತಿತ್ತು. ಗುಡ್ಡದ ಅರ್ಧದಲ್ಲಿ ಬರುವ ಕಲ್ಲಿನ ತಿರುವಿನಲ್ಲಿ ಬೆರಳುಗಳು ಜೋಮು ಹಿಡಿದು, ಬ್ರೇಕ್ ಎಲ್ಲಿದೆಯೆಂದೇ ತಿಳಿಯದೆ ಮತ್ತೆ ಮತ್ತೆ ಬಿದ್ದಳು. ಕೋಚ್ ಕಟ್ಟುತ್ತಿದ್ದ ತಂಡದಲ್ಲಿ ಉಳಿದದ್ದು ಒಂದೇ ಜಾಗ.

"ನಾಳೆ ಗೆದ್ದವರಿಗೆ ಆ ಜಾಗ. ಫೋರ್ಕ್ ಒಂದ್ಸಲ ಬಿಚ್ಚಿ ನೋಡಿದ್ದೀಯಾ?" ಎಂದು ಕೋಚ್ ಕೇಳಿದ್ದರು.

"ನಮ್ಮಮ್ಮ ದಿನಾ ನೋಡ್ತಾರೆ ಸರ್" ಎಂದಿದ್ದಳು ಹೆಮ್ಮೆಯಿಂದ. ಫೋರ್ಕಿನೊಳಗೆ ಹಾಕಲೆಂದು ಕೋಚ್ ಕೊಟ್ಟಿದ್ದ ತೆಳು ಎಣ್ಣೆಯ ಶೀಶೆ ಮುಚ್ಚಳ ತೆರೆಯದೆ ಗೂಡಿನಲ್ಲಿ ಕೂತಿತ್ತು.

ಮನೆಯಲ್ಲಿ ಸೋದರಮಾವ ಬೇರೆ. ಗಿರಣಿಯಲ್ಲಿ ಮೂಟೆ ಎತ್ತುವುದು ಅವನ ಕೆಲಸ, ಮಾತಿನಲ್ಲಿ ತಿವಿಯುವುದು ಅವನ ಬಿಡುವು. "ಜೋಮು ಹಿಡಿಯೋದು ಕೈಗಲ್ಲ ಕಣೇ, ನಿನ್ನ ಎದೆಗೆ. ಸುಮ್ನೆ ಬಂದು ತಕ್ಕಡಿ ಹಿಡಿ."

ಅವಳು ನಕ್ಕು ತಳ್ಳಿಹಾಕಿದರೂ ಮಾತು ಒಳಗೆ ಇಳಿದಿತ್ತು. ನಿಜವಾಗಿಯೂ ಹೆದರಿಬಿಟ್ಟೆನೇ ಎಂದು ಅಂಗೈ ನೋಡಿಕೊಳ್ಳುವಳು.

ಆ ಮಧ್ಯಾಹ್ನ ಊಟ ಮುಗಿಸಿ ಬಂದಾಗ ಅಮ್ಮ ಸೈಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ದಪ್ಪ ಕೊಳವೆಯ ಬಾಯಿಗಿದ್ದ ರಬ್ಬರ್ ಸೀಲನ್ನು ಉಗುರಿನಿಂದ ಎತ್ತಿ, ಕಿರುಬೆರಳಲ್ಲಿ ಗ್ರೀಸ್ ಒತ್ತುತ್ತಿದ್ದಳು.

"ಅಮ್ಮಾ, ಏನ್ ಮಾಡ್ತಿದ್ದೀಯ?"

"ಊಟ ಹಾಕ್ತಿದ್ದೀನಿ. ನಾಳೆ ಪಂದ್ಯ ಅಲ್ವಾ, ಒಂದು ತುತ್ತು ಜಾಸ್ತಿ."

ಮಗಳ ಕಣ್ಣು ಆ ಬೆರಳ ಮೇಲೆ ನಿಂತಿತು. ಗ್ರೀಸಿನ ಮೇಲೆ ಬಿಳಿಯ ಪದರ. ಹಿಟ್ಟು. ಗಿರಣಿಯ ಗಾಳಿಯೇ ಹಿಟ್ಟು, ಹಚ್ಚಿದ ಗ್ರೀಸಿಗೆ ಅದು ಅಂಟದೆ ಇದ್ದೀತೇ? ಅವಳು ಹ್ಯಾಂಡಲ್ ಮೇಲೆ ಭಾರ ಬಿಟ್ಟಳು. ಫೋರ್ಕ್ ಕೊಸರಾಡುತ್ತ ಇಳಿಯಿತು, ಬಲವಂತಕ್ಕೆ ಎದ್ದವರಂತೆ ಮೇಲೆ ಬಂತು.

ಫೋರ್ಕಿನೊಳಗೆ ಸ್ಪ್ರಿಂಗಿನಂತೆ ತುಂಬಿದ್ದ ಗಾಳಿಯನ್ನು ಬಿಟ್ಟಳು. ತಳದ ಬೋಲ್ಟುಗಳನ್ನು ಸಡಿಲಿಸಿ, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ, ದಪ್ಪ ಕೊಳವೆಗಳನ್ನು ಕೆಳಗೆಳೆದಳು. ಎಣ್ಣೆ ಸುರಿಯಬೇಕಿತ್ತು. ಒಂದು ಹನಿಯೂ ಬರಲಿಲ್ಲ. ಕೊನೆಗೆ ಎಣ್ಣೆಯನ್ನೆಲ್ಲ ಕುಡಿದ ಗ್ರೀಸು, ಹಿಟ್ಟಿನ ಬೂದುಬಣ್ಣದ ಮುದ್ದೆಯೊಂದು ನಿಧಾನಕ್ಕೆ ಜಾರಿ ಹಳೇ ಪತ್ರಿಕೆಯ ಮೇಲೆ ಪಚ್ಚನೆ ಬಿತ್ತು.

ಮಾವ ಬಗ್ಗಿ ನೋಡಿದ. "ಅಕ್ಕಾ, ಇನ್ನೊಂಚೂರು ನಾದಿದ್ರೆ ಕಾವಲಿಗೆ ಹಾಕಬಹುದಿತ್ತು!"

ಅಮ್ಮ ನಗಲಿಲ್ಲ. "ನಾನಾ ಮಾಡಿದ್ದು?"

ಸುಳ್ಳು ಹೇಳಲು ಮಗಳ ನಾಲಿಗೆ ಹೊರಳಿತು. ಆದರೆ ಹೇಳಿದ್ದು, "ಹೂಂ ಅಮ್ಮ, ನೀನೇ."

ಅಮ್ಮ ಹಿಟ್ಟಿನ ಚೀಲದ ಮೇಲೆ ಕುಸಿದು ಕೂತಳು. ತನ್ನ ಬೆರಳನ್ನೇ ನೋಡಿದಳು. ಆಮೇಲೆ ಮುಖ ನಿಧಾನವಾಗಿ ಬೆಳಗಿತು. "ಹಾಗಾದ್ರೆ ನಿನ್ನ ಕೈಗೇನೂ ಆಗಿಲ್ಲ!"

ಇನ್ನು ಶುಚಿ ಮಾಡಿ ಜೋಡಿಸಬೇಕು. ಎಲ್ಲಿ? ಕಪಾಟಿನ ಮೇಲೆ ಹಿಟ್ಟು, ದಿಂಬಿನ ಮೇಲೆ ಹಿಟ್ಟು, ಮಾವನ ಹುಬ್ಬಿನ ಮೇಲೂ ಹಿಟ್ಟು. ಅಮ್ಮ ಎದ್ದು ಮೈ ತೊಳೆದು ಬಟ್ಟೆ ಬದಲಿಸಿದಳು, ಮಗಳಿಗೂ ಹಾಗೇ ಮಾಡಿಸಿದಳು. ಆಮೇಲೆ ದೇವರ ಕೋಣೆಯ ಬಾಗಿಲು ತೆರೆದಳು. ಹಿಟ್ಟಿನ ಮೈಯಲ್ಲಿ ಯಾರೂ ಕಾಲಿಡದ ಕೋಣೆ ಆ ಮನೆಯಲ್ಲಿ ಅದೊಂದೇ.

"ಎಣ್ಣೆ ಜಿಡ್ಡನ್ನ ಅಲ್ಲಿಗೆ ಒಯ್ತೀಯಾ ಅಕ್ಕಾ?"

"ಅಲ್ಲಿ ದೀಪ ನೀರಲ್ಲಿ ಉರಿಯುತ್ತೇನೋ?" ಎಂದಳು ಅಮ್ಮ.

ಬಿಳಿ ಬಟ್ಟೆ ಹಾಸಿದರು. ಮಗಳು ಸ್ಪಿರಿಟ್ ಅದ್ದಿದ ಬಟ್ಟೆಯನ್ನು ಕೋಲಿಗೆ ಸುತ್ತಿ ಕೊಳವೆಗಳ ಒಳಗನ್ನು ಮತ್ತೆ ಮತ್ತೆ ಒರೆಸಿದಳು. ಸೀಲಿನ ಕೆಳಗೆ ಬಳೆಯಂಥ ಸ್ಪಂಜುಗಳು. ಅಮ್ಮ ಅವನ್ನು ತೊಳೆದು, ಹಿಂಡಿ ಒಣಗಿಸಿ, ತೆಳು ಎಣ್ಣೆಯಲ್ಲಿ ನೆನೆಹಾಕಿದಳು. ಸೀಲಿನ ತುಟಿಗೆ ಗ್ರೀಸಿನ ಪಸೆ ಮಾತ್ರ.

"ಇಷ್ಟೇನಾ?"

"ಇಷ್ಟೇ ಅಮ್ಮ."

"ಇನ್ನೊಂದು ಚೂರು..."

"ಅಮ್ಮಾ!"

ಅಮ್ಮ ಕೈಕಟ್ಟಿ ಕೂತಳು. ಜೀವಮಾನದಲ್ಲಿ ಎಷ್ಟೋ ಉಪವಾಸ ಮಾಡಿದ್ದಳು, ಇಷ್ಟು ಕಠಿಣವಾದದ್ದನ್ನು ಮಾಡಿರಲಿಲ್ಲ. ಮಗಳು ಕೊಳವೆಗಳನ್ನು ಅರ್ಧ ಸೇರಿಸಿ, ತಳದ ತೂತಿನಿಂದ ಸಿರಿಂಜಿನಲ್ಲಿ ಎಣ್ಣೆ ಬಿಟ್ಟು, ಪೂರ್ತಿ ಒತ್ತಿ, ಬೋಲ್ಟ್ ಬಿಗಿದು ಗಾಳಿ ತುಂಬಿದಳು. ಹ್ಯಾಂಡಲನ್ನು ಅಮ್ಮನ ಕೈಗೇ ಕೊಟ್ಟಳು. ಅಮ್ಮ ಒತ್ತಿದಳು. ಫೋರ್ಕ್ ಸದ್ದಿಲ್ಲದೆ ಇಳಿದು, ಉಸಿರೆಳೆದಂತೆ ಮೇಲೆದ್ದಿತು. ಅವಳು ದೀಪದ ಕಡೆ ತಿರುಗಿ ಕೈಮುಗಿದಳು.

ಮರುದಿನ ಕಲ್ಲಿನ ತಿರುವಿನ ಹಗ್ಗದಾಚೆ ಅಮ್ಮ ಮತ್ತು ಮಾವ ನಿಂತಿದ್ದರು. ಒಬ್ಬೊಬ್ಬರಾಗಿ ಸವಾರರು ಬಂದರು. ಎಲ್ಲರೂ ಅಲ್ಲಿ ಬ್ರೇಕ್ ಹಿಡಿದು, ಕಲ್ಲು ನೋಡಿ, ತಿರುಗಿ ಹೋದರು. ಮಗಳ ಸರದಿ ಕೊನೆಗೆ ಬಂತು. ಮೇಲೆ ಧೂಳೆದ್ದದ್ದು ಕಂಡಿತು. ಮಾವ ಕಣ್ಣು ಮುಚ್ಚಿಕೊಂಡ. ಅಮ್ಮ ಮುಚ್ಚಲಿಲ್ಲ. ಚಕ್ರ ಕಲ್ಲಿನಿಂದ ಕಲ್ಲಿಗೆ ಎಗರುತ್ತಿತ್ತು, ಕೊಳವೆಗಳು ಒಳಗೂ ಹೊರಗೂ ಓಡಾಡುತ್ತಿದ್ದವು, ಅವುಗಳ ಮೇಲೆ ಮಗಳ ಕೈಗಳು ಮಾತ್ರ ತುಂಬಿದ ಕೊಡ ಹೊತ್ತವಳ ತಲೆಯ ಹಾಗೆ ನಿಶ್ಚಲವಾಗಿದ್ದವು. ಎಲ್ಲರೂ ಬ್ರೇಕ್ ಹಿಡಿದ ಕಡೆ ಅವಳು ಹಿಡಿಯಲಿಲ್ಲ. ಕಣ್ಣು ತೆರೆದ ಮಾವ "ಹೋಗೇ! ಹೋಗೇ ನನ್ನವ್ವಾ!" ಎಂದು ಗಂಟಲು ಹರಿಯುವಂತೆ ಕೂಗಿದ.

ಇಬ್ಬರೂ ಏದುಸಿರು ಬಿಡುತ್ತ ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಮೈಕಿನಲ್ಲಿ ಅವಳ ಹೆಸರು ಮೊಳಗುತ್ತಿತ್ತು. ಮೊದಲನೆಯವಳು. ಕೋಚ್ ತಂಡದ ಅಂಗಿಯನ್ನು ಅವಳ ಹೆಗಲಿಗೆ ಹಾಕಿಬಿಟ್ಟಿದ್ದರು. ಅಮ್ಮನನ್ನು ಕಂಡೊಡನೆ ಅವಳು ಎರಡೂ ಕೈ ಮೇಲೆತ್ತಿ ಬೆರಳುಗಳನ್ನೆಲ್ಲ ಕುಣಿಸಿದಳು.

"ಎದೆ ನಡುಗಿತೇನೇ?" ಎಂದ ಮಾವ, ಒಡೆದ ಗಂಟಲಿನಲ್ಲಿ.

"ನಿಮ್ದು ನಡುಗಿದ ಸದ್ದು ತಿರುವಿನಲ್ಲೇ ಕೇಳಿಸ್ತು ಮಾವ!"

ಅಮ್ಮ ಆಗಲೇ ಸೈಕಲ್ಲಿನ ಮುಂದೆ ಕೂತಿದ್ದಳು. ಒಣಬಟ್ಟೆಯಿಂದ ಧೂಳನ್ನಷ್ಟೇ ಒರೆಸಿದಳು. ಕಿರುಬೆರಳು ಅಭ್ಯಾಸಬಲದಿಂದ ಸೀಲಿನತ್ತ ಹೋಗಿ, ಅಲ್ಲೇ ತಡೆದು, ಹಿಂದಕ್ಕೆ ಬಂತು.

"ಸಾಕು, ಹೊಟ್ಟೆ ತುಂಬಿದೆ ಇದಕ್ಕೆ" ಎಂದು ಫೋರ್ಕನ್ನು ಮಗುವಿನ ಬೆನ್ನಿನ ಹಾಗೆ ತಟ್ಟಿದಳು.